‘ಗಟ್ಟಿ ಆಡಳಿತವಿದ್ದರೆ ಮಾತ್ರ ಆರ್ಥಿಕ ಸುಧಾರಣೆ’ ಎಂಬ ಮಾತನ್ನು ಒರೆಗೆ ಹಚ್ಚುವುದು ಹೇಗೆ?

ಒಂದು ದೇಶದ ಹಣಕಾಸು ಹದಗೆಟ್ಟಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ. ಚುನಾವಣೆ, ಸಂಸತ್ತು, ನ್ಯಾಯಾಲಯ, ಮುಷ್ಕರಗಳ ನಡುವೆ ಸಿಕ್ಕಿಕೊಂಡ ಸರ್ಕಾರ ಯಾವ ಸುಧಾರಣೆಯನ್ನೂ ಮಾಡಲಾರದು, ಹತ್ತು ವರ್ಷ ಒಬ್ಬ ಗಟ್ಟಿಗನ ಕೈಗೆ ಅಧಿಕಾರ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬುದೇ ಆ ಮಾತು. ಅದಕ್ಕೆ ಎದುರಾಗಿ, ಜನರಿಗೆ ಮತದ ಹಕ್ಕು ಸಿಕ್ಕರೆ ಅಭಿವೃದ್ಧಿ ಅದರ ಬೆನ್ನಿಗೇ ಬರುತ್ತದೆ ಎಂದು ನಂಬುವವರೂ ಇದ್ದಾರೆ. ಎರಡು ಪಕ್ಷದವರೂ ತಮಗೆ ಬೇಕಾದ ದೇಶಗಳ ಹೆಸರು ಹೇಳುತ್ತಾರೆ, ಎದುರಿನವರು ಬೇರೆ ಹೆಸರು ಹೇಳುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಇಂಥ ವಾದ ಎದುರಾದಾಗ ಅದನ್ನು ಒಪ್ಪುವ ಅಥವಾ ತಳ್ಳಿಹಾಕುವ ಮೊದಲು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಇದಕ್ಕೆ ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ಒಂದು ಹಾಳೆ, ಇಸವಿಗಳ ಬಗ್ಗೆ ಸ್ವಲ್ಪ ಶ್ರದ್ಧೆ ಮತ್ತು ತನಗೆ ಇಷ್ಟವಾದ ಉತ್ತರದ ಮೇಲೂ ಅನುಮಾನ ಪಡುವ ಮನಸ್ಸು ಇದ್ದರೆ ಸಾಕು.

ಯಾವ ಸುಧಾರಣೆ ಎಂದು ಮೊದಲು ಕೇಳಿ

‘ಆರ್ಥಿಕ ಸುಧಾರಣೆ’ ಎಂಬ ಒಂದೇ ಪದದ ಕೆಳಗೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕೆಲಸಗಳು ಸೇರಿಕೊಂಡಿರುತ್ತವೆ. ನಾಣ್ಯದ ಅಪಮೌಲ್ಯ, ಆಮದು ಸುಂಕದ ಇಳಿಕೆ, ಪರವಾನಗಿಗಳ ರದ್ದತಿ, ಬೆಲೆ ನಿಯಂತ್ರಣದ ತೆರವು ಇವೆಲ್ಲ ಒಂದು ಆದೇಶದಿಂದ ಆಗುವ ಕೆಲಸಗಳು. ತೆರಿಗೆ ವಸೂಲಿಯ ವ್ಯವಸ್ಥೆಯನ್ನು ಕಟ್ಟುವುದು, ಬ್ಯಾಂಕುಗಳ ಮೇಲೆ ಸರಿಯಾದ ನಿಗಾ ಇಡುವುದು, ಭೂದಾಖಲೆಗಳನ್ನು ನೇರ್ಪುಗೊಳಿಸುವುದು, ವ್ಯಾಪಾರದ ವ್ಯಾಜ್ಯವನ್ನು ನ್ಯಾಯಾಲಯ ಬೇಗ ಬಗೆಹರಿಸುವಂತೆ ಮಾಡುವುದು ಇವು ಹತ್ತಾರು ವರ್ಷಗಳ ಕೆಲಸಗಳು. ಸಾವಿರಾರು ನೌಕರರೂ ಲಕ್ಷಾಂತರ ನಾಗರಿಕರೂ ಕೈಜೋಡಿಸದೆ ಇವು ಮುಂದೆ ಸಾಗುವುದಿಲ್ಲ.

ಮೊದಲ ಬಗೆಯ ಕೆಲಸಕ್ಕೆ ಬೇಕಾದ ವೇಗ ಸರ್ವಾಧಿಕಾರಿಗೆ ಮಾತ್ರ ಇದೆ ಎಂಬುದು ನಿಜವಲ್ಲ. 1991ರಲ್ಲಿ ಭಾರತದ ವಿದೇಶಿ ವಿನಿಮಯ ಮೀಸಲು ಎರಡು ಮೂರು ವಾರಗಳ ಆಮದಿಗೆ ಮಾತ್ರ ಸಾಕಾಗುವಷ್ಟಿದ್ದಾಗ ಅಧಿಕಾರದಲ್ಲಿದ್ದದ್ದು ಲೋಕಸಭೆಯಲ್ಲಿ ಬಹುಮತವೇ ಇಲ್ಲದ ಪಿ.ವಿ. ನರಸಿಂಹ ರಾವ್ ಅವರ ಸರ್ಕಾರ. ಆ ಸರ್ಕಾರ ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. ಹಣಕಾಸು ಸಚಿವ ಮನಮೋಹನ್ ಸಿಂಗ್ ಮುಂಗಡಪತ್ರ ಮಂಡಿಸಿದ ಜುಲೈ 24ರಂದೇ ಹೊಸ ಕೈಗಾರಿಕಾ ನೀತಿಯೂ ಹೊರಬಿದ್ದು, ಬಹುತೇಕ ಉದ್ದಿಮೆಗಳಿಗೆ ಬೇಕಾಗಿದ್ದ ಪರವಾನಗಿ ರದ್ದಾಯಿತು. ಎರಡನೆಯ ಬಗೆಯ ಕೆಲಸದಲ್ಲಿ ಆಜ್ಞೆಗೆ ಅಷ್ಟು ಬೆಲೆಯಿಲ್ಲ. ಲೆಕ್ಕವನ್ನು ಬಚ್ಚಿಡಲು ಮನಸ್ಸು ಮಾಡಿದ ವರ್ತಕನಿಂದ ವರ್ಷವರ್ಷವೂ ಸರಿಯಾದ ತೆರಿಗೆ ಪಡೆಯುವುದಕ್ಕೆ ಪೊಲೀಸರ ಭಯ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಾಗಿ ಆ ತೆರಿಗೆ ಎಲ್ಲರಿಗೂ ಒಂದೇ ಎಂಬ ನಂಬಿಕೆ ಬೇಕು. ಆದ್ದರಿಂದ ವಾದಿಸುವವರು ‘ಸುಧಾರಣೆ’ ಎಂದಾಗ ಯಾವ ಕಾನೂನು, ಯಾವ ಬೆಲೆ, ಯಾವ ಇಲಾಖೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಈ ಒಂದು ಪ್ರಶ್ನೆಗೇ ಅರ್ಧ ಜಗಳ ಮುಗಿದುಹೋಗುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ಯಾವ ಆಡಳಿತ ಎಂಬುದನ್ನೂ ಬಿಡಿಸಿ ನೋಡಿ

ಸರ್ವಾಧಿಕಾರವೂ ಒಂದೇ ಬಗೆಯದಲ್ಲ. ಚೀನಾದಲ್ಲಿ ಆಳುತ್ತಿರುವುದು ಹಳ್ಳಿಯವರೆಗೂ ಬೇರು ಬಿಟ್ಟ ಪಕ್ಷ. ಪಿನೋಷೆಯ ಚಿಲಿಯಲ್ಲಿ ಆಳಿದ್ದು ಸೇನೆ. 1965ರಿಂದ 1997ರವರೆಗೆ ಜಾಯಿರ್ (ಇಂದಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ) ದೇಶವನ್ನು ಆಳಿದ ಮೊಬುಟು ಖಜಾನೆಯನ್ನು ತನ್ನ ಸ್ವಂತ ಪೆಟ್ಟಿಗೆಯೆಂದೇ ತಿಳಿದಿದ್ದ. ಚುನಾಯಿತ ಸರ್ಕಾರಗಳೂ ಹಾಗೆಯೇ. 1985ರಲ್ಲಿ ಬೊಲಿವಿಯಾದ ಚುನಾಯಿತ ಅಧ್ಯಕ್ಷ ಪಾಸ್ ಎಸ್ಟೆನ್ಸೊರೊ ಕೈಮೀರಿದ ಹಣದುಬ್ಬರವನ್ನು 21060ನೇ ಸಂಖ್ಯೆಯ ಒಂದೇ ಆಜ್ಞೆಯಿಂದ ತಡೆದರು. ಆದರೆ ಅದನ್ನು ವಿರೋಧಿಸಿದ ಕಾರ್ಮಿಕ ಮುಖಂಡರನ್ನು ತುರ್ತು ಅಧಿಕಾರ ಬಳಸಿ ದೂರದ ಊರುಗಳಿಗೆ ಸಾಗಿಸಿದರು. ಆ ಸುಧಾರಣೆಯನ್ನು ಯಾವ ಪಟ್ಟಿಗೆ ಸೇರಿಸಬೇಕು?

ಹಣೆಪಟ್ಟಿ ಹಚ್ಚುವ ಬದಲು ಆ ದೇಶದ ಆ ವರ್ಷಕ್ಕೆ ಮೂರು ಪ್ರಶ್ನೆ ಹಾಕಿ: ಆಳುವವರನ್ನು ರಕ್ತಪಾತವಿಲ್ಲದೆ ಇಳಿಸಲು ದಾರಿ ಇತ್ತೇ, ಸರ್ಕಾರದ ಲೆಕ್ಕ ತಪ್ಪು ಎಂದು ಪತ್ರಿಕೆ ಅಚ್ಚು ಮಾಡಬಹುದಾಗಿತ್ತೇ, ಆಜ್ಞೆಯಿಂದ ನಷ್ಟಕ್ಕೊಳಗಾದವನು ದೂರು ಒಯ್ಯಲು ಒಂದು ಜಾಗ ಇತ್ತೇ? ಈ ಮೂರರಲ್ಲಿ ಎಷ್ಟಕ್ಕೆ ಹೌದು ಎಂಬ ಉತ್ತರ ಸಿಗುತ್ತದೆ ಎಂಬುದರ ಮೇಲೆ ನಿಮ್ಮ ಮುಂದಿನ ಹೋಲಿಕೆ ನಿಲ್ಲಬೇಕು.

ಗೆದ್ದವರ ಪಕ್ಕದಲ್ಲಿ ಸೋತವರನ್ನೂ ಬರೆಯಿರಿ

ಗಟ್ಟಿ ಆಡಳಿತದ ಪರವಾಗಿ ಸಾಮಾನ್ಯವಾಗಿ ಕೇಳುವ ಹೆಸರುಗಳು ದಕ್ಷಿಣ ಕೊರಿಯಾ, ಸಿಂಗಪುರ, ತೈವಾನ್, ಚೀನಾ ಮತ್ತು ಚಿಲಿ. ಈ ದೇಶಗಳ ಸಾಧನೆ ನಿಜವಾದದ್ದೇ. ಅದನ್ನು ಅಲ್ಲಗಳೆಯಲು ಹೊರಟವರು ತಮ್ಮ ವಾದವನ್ನೇ ದುರ್ಬಲಗೊಳಿಸಿಕೊಳ್ಳುತ್ತಾರೆ. ಆದರೆ ಹಾಳೆಯ ಇನ್ನೊಂದು ಬದಿಯಲ್ಲಿ ಅದೇ ಕಾಲದ ಉಳಿದ ಸರ್ವಾಧಿಕಾರಗಳನ್ನೂ ಬರೆಯಬೇಕು: ಮೊಬುಟುವಿನ ಜಾಯಿರ್, ಮಾರ್ಕೋಸನ ಫಿಲಿಪ್ಪೀನ್ಸ್, ನೆ ವಿನ್‌ನ ಬರ್ಮಾ, ಸೇನಾಡಳಿತದ ಅರ್ಜೆಂಟೀನಾ. ಅರ್ಜೆಂಟೀನಾದ ಸೇನೆ 1976ರಲ್ಲಿ ಅಧಿಕಾರ ಹಿಡಿದದ್ದು ಆರ್ಥಿಕತೆಯನ್ನು ಶಿಸ್ತಿಗೆ ತರುತ್ತೇವೆಂಬ ಭರವಸೆಯೊಂದಿಗೆ. 1983ರಲ್ಲಿ ಅದು ಹೊರನಡೆಯುವಾಗ ಸುಮಾರು 800 ಕೋಟಿ ಡಾಲರ್ ಇದ್ದ ವಿದೇಶಿ ಸಾಲ ಸುಮಾರು 4,500 ಕೋಟಿ ಡಾಲರ್‌ಗೆ ಏರಿತ್ತು, ಹಣದುಬ್ಬರ ಶೇ 300ನ್ನು ದಾಟಿತ್ತು.

ಬರ್ಮಾದ ಒಂದು ದಿನವನ್ನು ಹತ್ತಿರದಿಂದ ನೋಡಿದರೆ ಈ ಬದಿಯ ಬೆಲೆ ತಿಳಿಯುತ್ತದೆ. 1987ರ ಸೆಪ್ಟೆಂಬರ್ 5ರಂದು ಅಲ್ಲಿನ ಸರ್ಕಾರ 25, 35 ಮತ್ತು 75 ಕ್ಯಾಟ್‌ಗಳ ನೋಟುಗಳು ಇನ್ನು ನಡೆಯುವುದಿಲ್ಲ ಎಂದು ಸಾರಿತು. ಕಾಳಸಂತೆಯನ್ನು ಮಟ್ಟಹಾಕುವುದು ಅದು ಕೊಟ್ಟ ಕಾರಣ. ಹಳೆಯ ನೋಟಿಗೆ ಬದಲಾಗಿ ಹೊಸ ನೋಟು ಕೊಡುವ ಏರ್ಪಾಡೇ ಇರಲಿಲ್ಲ. ಚಲಾವಣೆಯಲ್ಲಿದ್ದ ಹಣದ ಬಹುಪಾಲು ಒಂದೇ ದಿನದಲ್ಲಿ ಬರಿಯ ಕಾಗದವಾಯಿತು. ಅದೇ ತಿಂಗಳು ಹೊರಬಂದ ಹೊಸ ನೋಟುಗಳು 45 ಮತ್ತು 90 ಕ್ಯಾಟ್‌ಗಳವು, ಎರಡೂ ನೆ ವಿನ್ ತನ್ನ ಅದೃಷ್ಟದ ಸಂಖ್ಯೆಯೆಂದು ನಂಬಿದ್ದನೆನ್ನಲಾದ ಒಂಬತ್ತರಿಂದ ಭಾಗವಾಗುವ ಸಂಖ್ಯೆಗಳು. ಬ್ಯಾಂಕಿನ ಮೇಲೆ ನಂಬಿಕೆಯಿಲ್ಲದೆ ಮನೆಯಲ್ಲೇ ಹಣ ಕೂಡಿಟ್ಟಿದ್ದ ರೈತ, ಶುಲ್ಕ ಕಟ್ಟಲು ಹಣ ತಂದಿದ್ದ ವಿದ್ಯಾರ್ಥಿ ಯಾರನ್ನು ಕೇಳಬೇಕಿತ್ತು? ಆ ವರ್ಷದ ಕೊನೆಗೆ ವಿಶ್ವಸಂಸ್ಥೆ ಬರ್ಮಾವನ್ನು ಅತಿ ಹಿಂದುಳಿದ ದೇಶಗಳ ಪಟ್ಟಿಗೆ ಸೇರಿಸಿತು, 1988ರ ಆಗಸ್ಟ್‌ನಲ್ಲಿ ಜನ ಬೀದಿಗಿಳಿದರು. ಯಾರ ಅಡ್ಡಿಯೂ ಇಲ್ಲದೆ ನಿರ್ಧರಿಸುವ ಶಕ್ತಿ ಬೇಕು ಎಂದು ಬಯಸುವವರು ಆ ಶಕ್ತಿ ಇಂಥ ನಿರ್ಧಾರಕ್ಕೂ ಅಷ್ಟೇ ಸಲೀಸಾಗಿ ದಾರಿ ಮಾಡಿಕೊಡುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಪ್ರಜಾಪ್ರಭುತ್ವದ ಬದಿಯಲ್ಲೂ ಇದೇ ನಿಯಮ. 1966ರಲ್ಲಿ ಸ್ವತಂತ್ರವಾದಾಗ ಕಡುಬಡ ದೇಶವಾಗಿದ್ದ ಬೋಟ್ಸ್ವಾನಾ ಚುನಾವಣೆಗಳನ್ನು ನಿಲ್ಲಿಸದೆಯೇ ದಶಕಗಳ ಕಾಲ ಜಗತ್ತಿನಲ್ಲೇ ಅತಿ ವೇಗವಾಗಿ ಬೆಳೆದ ಆರ್ಥಿಕತೆಗಳಲ್ಲೊಂದಾಯಿತು. ಮಾರಿಷಸ್ ಕೂಡ ಕಬ್ಬಿನ ಬೆಳೆಯೊಂದನ್ನೇ ನೆಚ್ಚಿಕೊಂಡ ಸ್ಥಿತಿಯಿಂದ ಮೇಲೆದ್ದದ್ದು ಬಹುಪಕ್ಷಗಳ ರಾಜಕೀಯದೊಳಗೆ. ಆದರೆ ಮತಪೆಟ್ಟಿಗೆ ಇದ್ದೂ ದಶಕಗಟ್ಟಲೆ ಕುಂಟಿದ ದೇಶಗಳಿಗೆ ಕೊರತೆಯಿಲ್ಲ, ಅವೂ ಹಾಳೆಯ ಮೇಲೆ ಇರಬೇಕು. ಇಡೀ ಪಟ್ಟಿ ಕಣ್ಣಮುಂದೆ ಬಂದಾಗ ಸಾಮಾನ್ಯವಾಗಿ ಕಾಣುವುದು ಇಷ್ಟು: ಸರ್ವಾಧಿಕಾರಗಳ ಫಲ ಎರಡು ತುದಿಗಳಿಗೆ ಚದುರಿಹೋಗಿರುತ್ತದೆ, ಅದ್ಭುತವೂ ಅಲ್ಲೇ, ಸರ್ವನಾಶವೂ ಅಲ್ಲೇ, ಪ್ರಜಾಪ್ರಭುತ್ವಗಳು ಹೆಚ್ಚಾಗಿ ನಡುವೆ ಗುಂಪುಗೂಡಿರುತ್ತವೆ.

ಇಸವಿಗಳ ಗೆರೆ ಎಳೆಯಿರಿ

ಹಾಳೆಯ ಮೇಲೆ ಉದ್ದನೆಯ ಗೆರೆಯೊಂದನ್ನು ಎಳೆದು, ಮೇಲ್ಗಡೆ ಆಡಳಿತ ಬದಲಾದ ವರ್ಷಗಳನ್ನೂ ಕೆಳಗಡೆ ಆರ್ಥಿಕ ಘಟನೆಗಳನ್ನೂ ಗುರುತಿಸಿ. ಚಿಲಿಯನ್ನು ಹೀಗೆ ಬಿಡಿಸಿದರೆ ಏನು ಕಾಣುತ್ತದೆ ನೋಡಿ. 1973ರ ಸೆಪ್ಟೆಂಬರ್ 11ರಂದು ಸೇನಾದಂಗೆ. 1975ರಿಂದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಅರ್ಥಶಾಸ್ತ್ರಜ್ಞರ ಕೈಯಲ್ಲಿ ಕಠಿಣ ಮಾರುಕಟ್ಟೆ ಸುಧಾರಣೆ. 1979ರಲ್ಲಿ ಡಾಲರ್‌ಗೆ 39 ಪೆಸೊ ಎಂದು ವಿನಿಮಯ ದರವನ್ನು ಬಿಗಿದು ನಿಲ್ಲಿಸಲಾಯಿತು; ನಿಗಾ ಇಲ್ಲದ ಬ್ಯಾಂಕುಗಳು ವಿದೇಶಿ ಸಾಲ ತಂದು ತಮ್ಮದೇ ಗುಂಪಿನ ಕಂಪನಿಗಳಿಗೆ ಹಂಚಿದವು. 1982ರಲ್ಲಿ ಅದೆಲ್ಲ ಕುಸಿದು ಒಂದೇ ವರ್ಷದಲ್ಲಿ ದೇಶದ ಉತ್ಪನ್ನ ಸುಮಾರು ಶೇ 14ರಷ್ಟು ಇಳಿಯಿತು, ಐವರಲ್ಲಿ ಒಬ್ಬರಿಗೂ ಹೆಚ್ಚು ಜನ ಕೆಲಸ ಕಳೆದುಕೊಂಡರು, 1983ರ ಜನವರಿಯಲ್ಲಿ ಮುಕ್ತ ಮಾರುಕಟ್ಟೆಯ ಅದೇ ಸರ್ಕಾರ ದೊಡ್ಡ ಬ್ಯಾಂಕುಗಳನ್ನು ತನ್ನ ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಆ ಆಡಳಿತದ ಅವಧಿಯಲ್ಲಿ ಕೊಲೆಯಾದವರು ಮತ್ತು ಕಣ್ಮರೆಯಾದವರು ಮೂರು ಸಾವಿರಕ್ಕೂ ಹೆಚ್ಚು. ಇದನ್ನೂ ಗೆರೆಯ ಮೇಲೆ ಬರೆಯಬೇಕು, ಯಾಕೆಂದರೆ ಇದು ಆ ಸುಧಾರಣೆಗೆ ತೆತ್ತ ಬೆಲೆಯ ಭಾಗ ಎಂದು ವಾದಿಸುವವರೇ ಒಪ್ಪುತ್ತಾರೆ. 1988ರ ಅಕ್ಟೋಬರ್ 5ರ ಜನಮತಗಣನೆಯಲ್ಲಿ ಪಿನೋಷೆ ಸೋತರು, 1990ರ ಮಾರ್ಚ್‌ನಲ್ಲಿ ಪ್ಯಾಟ್ರಿಸಿಯೊ ಐಲ್ವಿನ್ ಅಧ್ಯಕ್ಷರಾದರು.

‘ಚಿಲಿಯ ಪವಾಡ’ ಎಂದು ಹೊಗಳುವವರು ತೋರಿಸುವ ಅತ್ಯುತ್ತಮ ವರ್ಷಗಳು ಈ ಗೆರೆಯ ಮೇಲೆ ಎಲ್ಲಿವೆ? 1985ರ ನಂತರದ ಚೇತರಿಕೆ ಸೇನಾಡಳಿತದ ಕಾಲದ್ದೇ. ಆದರೆ ದೀರ್ಘಕಾಲದ ಸ್ಥಿರ ಬೆಳವಣಿಗೆಯೂ ಬಡತನದ ದೊಡ್ಡ ಇಳಿಕೆಯೂ 1990ರ ದಶಕದವು. 1990ರಲ್ಲಿ ಜನಸಂಖ್ಯೆಯ ಶೇ 40ಕ್ಕೆ ಹತ್ತಿರವಿದ್ದ ಬಡತನ 2000ದ ಹೊತ್ತಿಗೆ ಶೇ 20ರ ಆಸುಪಾಸಿಗೆ ಬಂತು. ದೊಡ್ಡ ತಾಮ್ರದ ಗಣಿಗಳು ಮಾತ್ರ ಸೇನಾಡಳಿತದ ಕಾಲದಲ್ಲೂ ಬಹುಮಟ್ಟಿಗೆ ಸರ್ಕಾರದ ಕೈಯಲ್ಲೇ ಇದ್ದವು ಎಂಬುದನ್ನು ಎರಡೂ ಪಕ್ಷದವರು ಮರೆಯುತ್ತಾರೆ. 1971ರಲ್ಲಿ ಅವುಗಳ ರಾಷ್ಟ್ರೀಕರಣಕ್ಕೆ ಅಲ್ಲಿನ ಸಂಸತ್ತು ಒಮ್ಮತದಿಂದ ಒಪ್ಪಿಗೆ ಕೊಟ್ಟಿತ್ತು, ಪಿನೋಷೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ದಕ್ಷಿಣ ಕೊರಿಯಾಕ್ಕೂ ಇಂಥದೇ ಗೆರೆ ಎಳೆದರೆ 1961ರ ಪಾರ್ಕ್ ಚುಂಗ್ ಹೀ ದಂಗೆಗೆ ಮುಂಚೆಯೇ, 1950ರ ಸುಮಾರಿಗೆ ಭೂಸುಧಾರಣೆ ನಡೆದು ಹಳೆಯ ಜಮೀನ್ದಾರಿ ಮುರಿದುಬಿದ್ದಿತ್ತು ಎಂಬುದು ಕಾಣುತ್ತದೆ. 1997ರ ಕೊನೆಯಲ್ಲಿ ದೇಶ ದಿವಾಳಿಯ ಅಂಚಿಗೆ ಬಂದಾಗ ಅದನ್ನು ಎತ್ತಿದ್ದು, ಒಂದು ಕಾಲದಲ್ಲಿ ಸೇನಾಡಳಿತದಿಂದ ಮರಣದಂಡನೆಗೆ ಗುರಿಯಾಗಿದ್ದು ಈಗ ಚುನಾವಣೆಯಲ್ಲಿ ಗೆದ್ದು ಬಂದ ಕಿಮ್ ಡೇ ಜುಂಗ್. ಅವರು 1998ರ ಮೊದಲ ವಾರಗಳಲ್ಲಿ ಕಾರ್ಮಿಕರು, ಉದ್ಯಮಿಗಳು ಮತ್ತು ಸರ್ಕಾರವನ್ನು ಒಂದೇ ಮೇಜಿನ ಸುತ್ತ ಕೂರಿಸಿ ಕೆಲಸದಿಂದ ತೆಗೆಯುವ ಕಠಿಣ ಕಾನೂನಿಗೂ ಒಪ್ಪಂದ ಮಾಡಿಸಿದರು. ಅದೇ ದಿನಗಳಲ್ಲಿ ಲಕ್ಷಾಂತರ ಕುಟುಂಬಗಳು ವಿದೇಶಿ ಸಾಲ ತೀರಿಸಲೆಂದು ಮದುವೆಯ ಉಂಗುರ, ಪದಕಗಳನ್ನು ತಂದು ಒಪ್ಪಿಸಿದವು. ಹಾಗೆ ಕೂಡಿದ ಚಿನ್ನ 200 ಟನ್‌ಗೂ ಹೆಚ್ಚು.

ಒಂದೇ ದೇಶ, ಒಂದೇ ಬೆಲೆ, ಎರಡು ಆಡಳಿತ

ದೇಶದೇಶಗಳನ್ನು ಹೋಲಿಸುವಾಗ ಭೂಗೋಳ, ಇತಿಹಾಸ, ಶಿಕ್ಷಣ ಎಲ್ಲವೂ ಅಡ್ಡ ಬರುತ್ತವೆ. ಆದ್ದರಿಂದ ಒಂದೇ ದೇಶದಲ್ಲಿ ಒಂದೇ ಬಗೆಯ ಸುಧಾರಣೆಯನ್ನು ಎರಡು ಆಡಳಿತಗಳು ಕೈಗೆತ್ತಿಕೊಂಡ ಪ್ರಸಂಗಗಳನ್ನು ಹುಡುಕಿ. ಇವು ಅಪರೂಪ, ಆದರೆ ಸಿಕ್ಕಾಗ ಉಳಿದ ಹತ್ತು ಉದಾಹರಣೆಗಳಿಗಿಂತ ಹೆಚ್ಚು ಕಲಿಸುತ್ತವೆ. ನನಗೆ ಅತಿ ಹೆಚ್ಚು ಕಲಿಸಿದ್ದು ಪೋಲೆಂಡ್.

ಕಮ್ಯುನಿಸ್ಟ್ ಪೋಲೆಂಡಿನಲ್ಲಿ ಮಾಂಸದ ಬೆಲೆಯನ್ನು ಸರ್ಕಾರ ಕೃತಕವಾಗಿ ಕೆಳಗೆ ಹಿಡಿದಿತ್ತು, ಅದಕ್ಕಾಗಿ ಖಜಾನೆ ಬರಿದಾಗುತ್ತಿತ್ತು, ಅಂಗಡಿಯ ಮುಂದೆ ಸಾಲು ಬೆಳೆಯುತ್ತಿತ್ತು. ಬೆಲೆ ಏರಿಸಲೇಬೇಕು ಎಂಬುದು ಆಳುವವರಿಗೂ ಗೊತ್ತಿತ್ತು. 1970ರ ಡಿಸೆಂಬರ್ 12ರಂದು, ಕ್ರಿಸ್ಮಸ್ ಹಬ್ಬಕ್ಕೆ ಎರಡು ವಾರ ಇರುವಾಗ, ಪಕ್ಷದ ನಾಯಕ ಗೊಮುಲ್ಕಾ ಏರಿಕೆಯನ್ನು ಪ್ರಕಟಿಸಿದ. ಬಾಲ್ಟಿಕ್ ಕರಾವಳಿಯ ಹಡಗು ಕಟ್ಟೆಗಳ ಕಾರ್ಮಿಕರು ಬೀದಿಗಿಳಿದರು, ಸೈನಿಕರು ಗುಂಡು ಹಾರಿಸಿದರು, ನಲವತ್ತಕ್ಕೂ ಹೆಚ್ಚು ಜನ ಸತ್ತರು. ಎಂಟು ದಿನಗಳಲ್ಲಿ ಗೊಮುಲ್ಕಾ ಅಧಿಕಾರ ಕಳೆದುಕೊಂಡ, ಕೆಲವೇ ತಿಂಗಳಲ್ಲಿ ಬೆಲೆ ಹಳೆಯ ಜಾಗಕ್ಕೆ ಮರಳಿತು. 1976ರ ಜೂನ್ 24ರಂದು ಇನ್ನೊಂದು ಸರ್ಕಾರ ಇನ್ನೂ ದೊಡ್ಡ ಏರಿಕೆಯನ್ನು ಪ್ರಕಟಿಸಿ, ಮರುದಿನ ಸಂಜೆಯೇ ಪ್ರಧಾನಿ ಟಿವಿಯಲ್ಲಿ ಬಂದು ಅದನ್ನು ಹಿಂದಕ್ಕೆ ಪಡೆದ. 1980ರ ಬೇಸಿಗೆಯಲ್ಲಿ ಮತ್ತೆ ಮಾಂಸದ ಬೆಲೆಯಿಂದಲೇ ಹೊತ್ತಿಕೊಂಡ ಮುಷ್ಕರಗಳು ‘ಸಾಲಿಡಾರಿಟಿ’ ಎಂಬ ಸ್ವತಂತ್ರ ಕಾರ್ಮಿಕ ಸಂಘಟನೆಯ ಹುಟ್ಟಿಗೆ ಕಾರಣವಾದವು. 1982ರಲ್ಲಿ ಸೇನಾ ಕಾನೂನಿನ ಕೆಳಗೆ, ಬೀದಿಯಲ್ಲಿ ಟ್ಯಾಂಕುಗಳನ್ನು ನಿಲ್ಲಿಸಿಕೊಂಡು, ಸರ್ಕಾರ ಬೆಲೆಗಳನ್ನು ಹಲವು ಪಟ್ಟು ಏರಿಸಿದ್ದು ನಿಜ. ಆದರೆ ಕೊರತೆಯೂ ಸಾಲುಗಳೂ ಹಾಗೆಯೇ ಉಳಿದವು. 1987ರ ನವೆಂಬರ್‌ನಲ್ಲಿ ಅದೇ ಸರ್ಕಾರ ಆರ್ಥಿಕ ಸುಧಾರಣೆಗೆ ಜನರ ಒಪ್ಪಿಗೆ ಕೇಳಿ ಜನಮತಗಣನೆ ನಡೆಸಿ ಅಗತ್ಯವಿದ್ದ ಬೆಂಬಲ ಪಡೆಯದೆ ಸೋತಿತು.

1989ರ ಜೂನ್‌ನ ಚುನಾವಣೆಯಲ್ಲಿ ಸಾಲಿಡಾರಿಟಿ ಸೆನೆಟ್‌ನ 100 ಸ್ಥಾನಗಳಲ್ಲಿ 99ನ್ನು ಗೆದ್ದಿತು. ಅದರ ಬೆನ್ನಿಗೆ ಬಂದ ಪ್ರಧಾನಿ ಮಜೋವ್ಯೆತ್ಸ್ಕಿ ಅವರ ಸರ್ಕಾರ, ಹಣಕಾಸು ಸಚಿವ ಲೆಷೆಕ್ ಬಾಲ್ಟ್ಸೆರೊವಿಚ್ ಅವರ ಯೋಜನೆಯಂತೆ 1990ರ ಜನವರಿ 1ರಂದು ಬಹುತೇಕ ಎಲ್ಲ ಬೆಲೆಗಳನ್ನೂ ಒಂದೇ ಏಟಿಗೆ ಬಿಟ್ಟುಕೊಟ್ಟಿತು. ಆ ಒಂದೇ ತಿಂಗಳಲ್ಲಿ ಬೆಲೆಗಳು ಶೇ 80ರ ಹತ್ತಿರ ಏರಿದವು. ಕಾರ್ಖಾನೆಗಳ ಉತ್ಪಾದನೆ ಕುಸಿಯಿತು, ವರ್ಷದ ಕೊನೆಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ನಿರುದ್ಯೋಗಿಗಳಾಗಿದ್ದರು. ಇಪ್ಪತ್ತು ವರ್ಷಗಳಿಂದ ಮಾಂಸದ ಬೆಲೆಗೇ ಸರ್ಕಾರಗಳನ್ನು ನಡುಗಿಸಿದ್ದ ಅದೇ ಜನ ಈ ಬಾರಿ ತಾಳಿಕೊಂಡರು. ಹಳೆಯ ಆಡಳಿತದಲ್ಲಿ ವರ್ಷಗಟ್ಟಲೆ ಜೈಲಿನಲ್ಲಿದ್ದ ಯಾತ್ಸೆಕ್ ಕುರೋನ್ ಈಗ ಕಾರ್ಮಿಕ ಸಚಿವರಾಗಿದ್ದು, ವಾರವಾರವೂ ಟಿವಿಯಲ್ಲಿ ಕುಳಿತು ಏನಾಗುತ್ತಿದೆ, ಯಾಕಾಗುತ್ತಿದೆ ಎಂದು ಸರಳವಾದ ಮಾತಿನಲ್ಲಿ ವಿವರಿಸುತ್ತಿದ್ದರು. ಬಡವರಿಗೆ ಹಂಚುತ್ತಿದ್ದ ಸೂಪನ್ನೂ ನಿರುದ್ಯೋಗ ಭತ್ಯೆಯನ್ನೂ ಜನ ಅವರ ಹೆಸರಿನಿಂದಲೇ ‘ಕುರೋನ್ಯೂವ್ಕಾ’ ಎಂದು ಕರೆದರು. ಜನ ಸುಮ್ಮನೆ ಒಪ್ಪಿದರು ಎಂದಲ್ಲ. ಅದೇ ವರ್ಷದ ಕೊನೆಯ ಅಧ್ಯಕ್ಷೀಯ ಚುನಾವಣೆಯಲ್ಲಿ ಮಜೋವ್ಯೆತ್ಸ್ಕಿಯನ್ನು ಮೂರನೆಯ ಸ್ಥಾನಕ್ಕೆ ತಳ್ಳಿದರು. ಸಿಟ್ಟಿಗೆ ಮತಪೆಟ್ಟಿಗೆಯ ದಾರಿ ಇದ್ದದ್ದರಿಂದ ಅದು ಕಲ್ಲು ಮತ್ತು ಗುಂಡಿನ ದಾರಿ ಹಿಡಿಯಲಿಲ್ಲ. ಕಮ್ಯುನಿಸಂನಿಂದ ಹೊರಬಂದ ದೇಶಗಳಲ್ಲಿ ಮೊದಲು ಬೆಳವಣಿಗೆಗೆ ಮರಳಿದ್ದು ಪೋಲೆಂಡ್, 1992ರಲ್ಲಿ.

ಇಂಡೋನೇಷ್ಯಾದಲ್ಲಿ ಇದೇ ಕಥೆ ಇಂಧನದ ಬೆಲೆಯಲ್ಲಿ ನಡೆಯಿತು. ಮೂರು ದಶಕ ಆಳಿದ ಸುಹಾರ್ತೊ 1998ರ ಮೇ ಮೊದಲ ವಾರದಲ್ಲಿ ಪೆಟ್ರೋಲ್ ಮತ್ತು ಸೀಮೆಎಣ್ಣೆಯ ಬೆಲೆ ಏರಿಸಿದಾಗ ಗಲಭೆ ಭುಗಿಲೆದ್ದು ಅದೇ ತಿಂಗಳು 21ರಂದು ರಾಜೀನಾಮೆ ಕೊಡಬೇಕಾಯಿತು. ಬೆಲೆಯೊಂದೇ ಕಾರಣವಲ್ಲ, ರೂಪಿಯಾ ಆಗಲೇ ನೆಲಕಚ್ಚಿತ್ತು. ಆದರೂ 2005ರ ಅಕ್ಟೋಬರ್‌ನಲ್ಲಿ ಚುನಾಯಿತ ಅಧ್ಯಕ್ಷ ಯುಧೊಯೊನೊ ಇಂಧನ ಬೆಲೆಯನ್ನು ಸರಾಸರಿ ಎರಡು ಪಟ್ಟಿಗೂ ಹೆಚ್ಚು ಏರಿಸಿಯೂ ಉಳಿದರು, 2009ರಲ್ಲಿ ಶೇ 60ಕ್ಕೂ ಹೆಚ್ಚು ಮತ ಪಡೆದು ಮರಳಿದರು. ವ್ಯತ್ಯಾಸವಿದ್ದದ್ದು ಜೊತೆಗೆ ಬಂದ ಏರ್ಪಾಡಿನಲ್ಲಿ: ಸಬ್ಸಿಡಿಯಿಂದ ಉಳಿದ ಹಣದ ಒಂದು ಪಾಲು ಒಂದೂವರೆ ಕೋಟಿಗೂ ಹೆಚ್ಚು ಬಡ ಕುಟುಂಬಗಳಿಗೆ ತಿಂಗಳಿಗೆ ಒಂದು ಲಕ್ಷ ರೂಪಿಯಾದಂತೆ, ಮೂರು ತಿಂಗಳದ್ದು ಒಟ್ಟಿಗೆ ಅಂಚೆ ಕಚೇರಿಗಳ ಮೂಲಕ ತಲುಪಿತು. ಪಟ್ಟಿಯಲ್ಲಿ ತಪ್ಪುಗಳಾದವು, ಅರ್ಹರು ಬಿಟ್ಟುಹೋದರು, ಪ್ರತಿಭಟನೆಗಳಾದವು. ಹಾಗೆ ಕೂಗಿ ಹೇಳಲು ಸಾಧ್ಯವಿದ್ದದ್ದರಿಂದಲೇ ಪಟ್ಟಿಗೆ ಮತ್ತಷ್ಟು ಕುಟುಂಬಗಳು ಸೇರಿದವು.

ಭಾರ ಯಾರಿಗೆ, ಲಾಭ ಯಾರಿಗೆ

ಸುಧಾರಣೆಯನ್ನು ತಡೆಯುವವರು ಯಾವಾಗಲೂ ಕಳೆದುಕೊಳ್ಳುವ ಬಡಜನ ಎಂಬ ಊಹೆಯ ಮೇಲೆ ಗಟ್ಟಿ ಆಡಳಿತದ ವಾದ ನಿಂತಿದೆ. ರಷ್ಯಾ ಇದನ್ನು ತಲೆಕೆಳಗು ಮಾಡುತ್ತದೆ. 1993ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಯೆಲ್ತ್ಸಿನ್ ಸಂಸತ್ತಿನ ಮೇಲೆ ಟ್ಯಾಂಕುಗಳಿಂದ ಗುಂಡು ಹಾರಿಸಿ ಎದುರಾಳಿಗಳನ್ನು ಹೊರಹಾಕಿದರು. ಸುಧಾರಣೆಗೆ ಅಡ್ಡಿ ನಿವಾರಣೆಯಾಯಿತೆಂದು ಆಗ ಮೆಚ್ಚಿದವರೂ ಉಂಟು. ಎರಡೇ ವರ್ಷಗಳಲ್ಲಿ, ಸರ್ಕಾರಕ್ಕೆ ಸಾಲ ಕೊಟ್ಟ ಕೆಲವೇ ಬ್ಯಾಂಕು ಮಾಲೀಕರ ಕೈಗೆ ನಿಕ್ಕಲ್ ಮತ್ತು ತೈಲದ ದೈತ್ಯ ಕಂಪನಿಗಳು ಅಗ್ಗದ ಬೆಲೆಗೆ ಸಂದವು. ಅರ್ಧ ದಾರಿಯಲ್ಲೇ ಲಾಭ ಮಾಡಿಕೊಂಡ ಇವರಿಗೆ ಉಳಿದರ್ಧ ಸುಧಾರಣೆ, ಅಂದರೆ ಸ್ಪರ್ಧೆ, ತೆರಿಗೆ, ಕಾನೂನಿನ ನಿಗಾ, ಬೇಕಿರಲಿಲ್ಲ. ಆದ್ದರಿಂದ ಹಾಳೆಯಲ್ಲಿ ಎರಡು ಕಂಬ ಮಾಡಿ: ಮೊದಲ ವರ್ಷ ಯಾರ ಜೇಬಿನಿಂದ ಹಣ ಹೋಯಿತು, ಮೊದಲ ವರ್ಷ ಯಾರ ಜೇಬಿಗೆ ಬಂತು. ಎರಡನೆಯ ಕಂಬದವರನ್ನು ತಡೆಯುವ ಶಕ್ತಿ ಯಾರಿಗಿತ್ತು ಎಂಬುದನ್ನು ಅದರ ಕೆಳಗೆ ಬರೆಯಿರಿ.

ಅಂಕಿಗಳನ್ನು ಕೊಟ್ಟವರು ಯಾರು

ಬೆಳವಣಿಗೆಯ ದರವನ್ನು ಮುಂದಿಡುವ ಮೊದಲು ಆ ಅಂಕಿಯನ್ನು ಸುಳ್ಳೆಂದು ಹೇಳುವ ಸ್ವಾತಂತ್ರ್ಯ ಆ ದೇಶದಲ್ಲಿ ಯಾರಿಗಾದರೂ ಇತ್ತೇ ನೋಡಿ. ಚೀನಾದ ಪ್ರಧಾನಿಯಾಗುವ ಮೊದಲು, 2007ರಲ್ಲಿ ಲಿಯಾವೊನಿಂಗ್ ಪ್ರಾಂತ್ಯದ ಪಕ್ಷದ ಮುಖ್ಯಸ್ಥರಾಗಿದ್ದ ಲಿ ಕೆಚಿಯಾಂಗ್ ಅವರೇ, ತಾವು ಜಿಡಿಪಿ ಅಂಕಿಗಿಂತ ವಿದ್ಯುತ್ ಬಳಕೆ, ರೈಲು ಸರಕು ಸಾಗಣೆ ಮತ್ತು ಬ್ಯಾಂಕ್ ಸಾಲಗಳನ್ನು ನೋಡುವುದಾಗಿ ವಿದೇಶಿ ರಾಜತಾಂತ್ರಿಕರೊಬ್ಬರಿಗೆ ಹೇಳಿದ್ದರು. ಇದು ಬರಿಯ ಲೆಕ್ಕಪತ್ರದ ಪ್ರಶ್ನೆಯಲ್ಲ. 1958ರಲ್ಲಿ ತೊಡಗಿದ ‘ಮಹಾ ಮುನ್ನೆಗೆತ’ದ ಕಾಲದಲ್ಲಿ ಅಧಿಕಾರಿಗಳು ಮೇಲಿನವರನ್ನು ಮೆಚ್ಚಿಸಲು ಇಲ್ಲದ ಧಾನ್ಯವನ್ನು ಇದೆಯೆಂದು ಬರೆದರು, ಆ ಸುಳ್ಳು ಲೆಕ್ಕದ ಮೇಲೆ ಹಳ್ಳಿಗಳಿಂದ ಧಾನ್ಯ ವಸೂಲಾಯಿತು, ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು. ಪತ್ರಿಕೆಗಳಿಗೆ ಸ್ವಾತಂತ್ರ್ಯವಿರುವ, ಚುನಾವಣೆ ನಡೆಯುವ ದೇಶದಲ್ಲಿ ದೊಡ್ಡ ಕ್ಷಾಮ ಸಂಭವಿಸಿಲ್ಲ ಎಂದು ಅಮರ್ತ್ಯ ಸೇನ್ ತೋರಿಸಿಕೊಟ್ಟದ್ದು ಈ ಹಿನ್ನೆಲೆಯಲ್ಲಿಯೇ. ಆದರೆ ದಿನದಿನದ ಅರೆಹೊಟ್ಟೆಯನ್ನು ನೀಗಿಸಲು ಮತಪೆಟ್ಟಿಗೆಯೊಂದೇ ಸಾಲದು ಎಂಬುದನ್ನೂ ಅವರೇ ಒತ್ತಿ ಹೇಳಿದ್ದಾರೆ.

ಎದುರು ವಾದದ ಅತ್ಯಂತ ಗಟ್ಟಿ ಭಾಗವನ್ನು ಎದುರಿಸಿ

ನಿಮ್ಮ ಒಲವು ಪ್ರಜಾಪ್ರಭುತ್ವದ ಕಡೆಗಿದ್ದರೆ (ನನ್ನದು ಅತ್ತಲೇ ಇದೆ) ಎರಡು ಸಂಗತಿಗಳನ್ನು ತಪ್ಪಿಸಿಕೊಳ್ಳಬೇಡಿ. ಒಂದು, ತೈವಾನಿನ ಭೂಸುಧಾರಣೆ. 1949ರ ನಂತರ ಅಲ್ಲಿ ಭೂಮಿಯನ್ನು ಹಂಚಿದ ಆಡಳಿತ ಹೊರಗಿನಿಂದ ಬಂದದ್ದು. ಅಲ್ಲಿನ ಜಮೀನ್ದಾರರಿಗೆ ಅದು ಯಾವ ಋಣದಲ್ಲೂ ಇರಲಿಲ್ಲ. ಜಮೀನ್ದಾರರೇ ಶಾಸಕರಾಗಿ ಕುಳಿತ ಸಭೆಗಳಿಂದ ಇಂಥ ಕಾನೂನು ಹೊರಬರುವುದು ಕಷ್ಟ ಎಂಬುದನ್ನು ಒಪ್ಪಲೇಬೇಕು. ಎರಡು, 1978ರ ನಂತರ ಚೀನಾದಲ್ಲಿ ಕಡುಬಡತನದಿಂದ ಹೊರಬಂದ ಜನರ ಸಂಖ್ಯೆ. ಇತಿಹಾಸದಲ್ಲಿ ಇದಕ್ಕೆ ಸಾಟಿಯಿಲ್ಲ.

ಆದರೆ ಈ ಎರಡನೆಯ ಸಂಗತಿಯ ಒಳಹೊಕ್ಕು ನೋಡಿ. 1978ರ ಕೊನೆಯಲ್ಲಿ ಆನ್‌ಹುಯಿ ಪ್ರಾಂತ್ಯದ ಷಿಯಾವೊಗಾಂಗ್ ಎಂಬ ಹಳ್ಳಿಯ 18 ರೈತರು ಗುಟ್ಟಾಗಿ ಸೇರಿ, ಸಾಮೂಹಿಕ ಹೊಲವನ್ನು ಮನೆಮನೆಗೆ ಹಂಚಿಕೊಂಡು ಬೇಸಾಯ ಮಾಡುವ ಕರಾರಿಗೆ ಹೆಬ್ಬೆಟ್ಟು ಒತ್ತಿದರು. ಈ ಕಾರಣಕ್ಕೆ ಹಳ್ಳಿಯ ಮುಖಂಡರು ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಉಳಿದವರು ಸಾಕಬೇಕು ಎಂಬ ಮಾತೂ ಆ ಕಾಗದದಲ್ಲಿತ್ತು. ಸುಧಾರಣೆಯ ಮೊದಲ ಹೆಜ್ಜೆ ಇಟ್ಟವರಿಗೆ ಆಡಳಿತದಿಂದ ಇದ್ದ ಭಯ ಅಷ್ಟು. ಮೇಲಿನವರು ಮಾಡಿದ ದೊಡ್ಡ ಉಪಕಾರವೆಂದರೆ ಅದನ್ನು ಕಂಡೂ ತುಳಿಯದೆ ಬಿಟ್ಟದ್ದು, ಆಮೇಲೆ ದೇಶಕ್ಕೆಲ್ಲ ಹರಡಿದ್ದು. ಆ ಬೆಳವಣಿಗೆ ಹಿಡಿತ ಬಿಗಿಯಾದಾಗ ಬಂದಿತೋ ಸಡಿಲವಾದಾಗ ಬಂದಿತೋ ಎಂದು ವಾದಿಸುವವರನ್ನು ಕೇಳಿ. 1978ರ ನಂತರದ ಸುಧಾರಣೆಯನ್ನು ಮುನ್ನಡೆಸಿದ ಡೆಂಗ್ ಷಿಯಾವೊಪಿಂಗ್ ಅವರಿಗೆ ಮುಂಚೆಯೂ ಅದೇ ಪಕ್ಷ, ಇನ್ನೂ ಬಿಗಿಯಾದ ಮುಷ್ಟಿಯೊಂದಿಗೆ, ಮೂರು ದಶಕ ಆಳಿತ್ತು.

ಸರ್ಕಾರ ಬದಲಾದ ಮೇಲೆ ಉಳಿದದ್ದೆಷ್ಟು

ಕೊನೆಯ ಪರೀಕ್ಷೆಗೆ ತಾಳ್ಮೆ ಬೇಕು, ಯಾಕೆಂದರೆ ಉತ್ತರ ಸಿಗುವುದು ಐದಾರು ವರ್ಷಗಳ ನಂತರ. ಸುಧಾರಣೆ ತಂದವರು ಅಧಿಕಾರದಿಂದ ಹೋದ ಮೇಲೆ, ಅವರನ್ನು ವಿರೋಧಿಸಿದವರು ಅದನ್ನು ಏನು ಮಾಡಿದರು ಎಂದು ನೋಡಿ. ಹೊಸ ಮಸೂದೆಯೊಂದು ಇಂದು ನಿಮ್ಮ ಮುಂದೆ ಇದ್ದರೆ, ಅದನ್ನು ವಿರೋಧ ಪಕ್ಷಕ್ಕೆ, ರಾಜ್ಯಗಳಿಗೆ, ಭಾರ ಹೊರುವವರಿಗೆ ಮೊದಲೇ ತೋರಿಸಲಾಗಿದೆಯೇ, ಲೆಕ್ಕ ತಪ್ಪಿದರೆ ತಿದ್ದುವ ಅಂಶ ಅದರೊಳಗೇ ಇದೆಯೇ ಎಂದು ಓದಿನೋಡಿ. ಮುಂದೆ ಅದು ಉಳಿಯುವುದೋ ಬೀಳುವುದೋ ಎಂಬುದರ ಸುಳಿವು ಬಹುಪಾಲು ಅಲ್ಲೇ ಇರುತ್ತದೆ. ಭಾರತದಲ್ಲಿ 1996ರಲ್ಲಿ ಎಡಪಕ್ಷಗಳ ಬೆಂಬಲದಿಂದ ಬಂದ ಸಂಯುಕ್ತ ರಂಗ ಸರ್ಕಾರ 1991ರ ದಿಕ್ಕನ್ನು ಬದಲಿಸಲಿಲ್ಲ. ಚಿಲಿಯಲ್ಲಿ ಐಲ್ವಿನ್ ಸರ್ಕಾರ ಮುಕ್ತ ವ್ಯಾಪಾರವನ್ನು ಉಳಿಸಿಕೊಂಡು ಆಮದು ಸುಂಕವನ್ನು ಶೇ 15ರಿಂದ 11ಕ್ಕೆ ಇಳಿಸಿತು. ಅದರ ಜೊತೆಗೆ ವಿರೋಧ ಪಕ್ಷದೊಡನೆ ಮಾತುಕತೆ ನಡೆಸಿ ಕಂಪನಿ ತೆರಿಗೆಯನ್ನು ಏರಿಸಿ, ಬಂದ ಹಣವನ್ನು ಸೇನಾಡಳಿತ ಕಡೆಗಣಿಸಿದ್ದ ಶಾಲೆ, ಆಸ್ಪತ್ರೆ, ಪಿಂಚಣಿಗಳಿಗೆ ಹಾಕಿತು. ಪೋಲೆಂಡಿನಲ್ಲಿ 1993ರ ಚುನಾವಣೆ ಗೆದ್ದು ಬಂದವರು ಹಳೆಯ ಕಮ್ಯುನಿಸ್ಟ್ ಪಕ್ಷದ ಉತ್ತರಾಧಿಕಾರಿಗಳು, ಸುಧಾರಣೆಯ ನೋವಿನ ಬಗ್ಗೆಯೇ ಪ್ರಚಾರ ಮಾಡಿದವರು. ಅಧಿಕಾರಕ್ಕೆ ಬಂದ ಮೇಲೆ ಅವರು ಖಾಸಗೀಕರಣದ ವೇಗವನ್ನು ತಗ್ಗಿಸಿದರು, ಆದರೆ ಮಾಂಸದ ಬೆಲೆಯನ್ನು ಮತ್ತೆ ಸರ್ಕಾರದ ಕೈಗೆ ತೆಗೆದುಕೊಳ್ಳಲು ಹೋಗಲಿಲ್ಲ.